ಸರೋಜಕ್ಕನ ಗಂಟಲು

ಮರವಂತೆಯಲ್ಲಿ ಸರೋಜಕ್ಕನ ಮನೆ ಯಾವುದು ಎಂದು ಯಾರನ್ನೂ ಕೇಳಬೇಕಾಗಿಲ್ಲ. ಬಸ್ಸಿನಿಂದ ಇಳಿದು ಎರಡು ನಿಮಿಷ ಸುಮ್ಮನೆ ನಿಂತರೆ ಸಾಕು, ತಾನಾಗಿ ಕೇಳಿಸುತ್ತದೆ. ಅತ್ತ ಕಡಲು, ಇತ್ತ ಹೈವೇ, ಹೈವೇ ದಾಟಿದರೆ ಹೊಳೆ. ಕಡಲಿಗೆ ಬಾಯಿ ಮುಚ್ಚಿ ಗೊತ್ತಿಲ್ಲ, ಲಾರಿಗಳಿಗೆ ಹಾರ್ನ್ ಬಿಟ್ಟರೆ ಬೇರೆ ಮಾತು ಬಾರದು. ಇವೆರಡರ ನಡುವಿನ ಹೆಂಚಿನ ಮನೆಗಳಲ್ಲಿ ಹುಟ್ಟಿದವರು ಪಿಸುಮಾತು ಕಲಿಯುವುದಾದರೂ ಯಾವಾಗ? ಅಡುಗೆಮನೆಯಿಂದ ಜಗುಲಿಗೆ ಉಪ್ಪು ಕೇಳಬೇಕಾದರೂ ಗಂಟಲು ಬೇಕು. ಪೇಟೆಯವರು ಇದನ್ನು ಜಗಳ ಎನ್ನುತ್ತಾರೆ. ಅವರ ಕಿಟಕಿಗಳಿಗೆ ಗಾಜು ಇದೆ, ಏನು ಬೇಕಾದರೂ ಹೇಳಿಕೊಳ್ಳಲಿ.

ಸರೋಜಕ್ಕನಿಗೆ ಈಗ ಐವತ್ತೆಂಟು. ಮದುವೆಯಾದ ಮರುವರ್ಷದಿಂದ ಮೀನಿನ ಬುಟ್ಟಿ ಹೊತ್ತವಳು. ಬೆಳಗ್ಗೆ ಐದಕ್ಕೆ ಗಂಗೊಳ್ಳಿಯ ಬಂದರು. ಅಲ್ಲಿ ಹರಾಜಿನಲ್ಲಿ ಹತ್ತು ಗಂಡಸರ ದನಿಯ ಮೇಲೆ ತನ್ನ ದನಿ ಹತ್ತಿಸಿ ಒಂದು ಬುಟ್ಟಿ ಬಂಗುಡೆ ಹಿಡಿದರೆ, ಏಳಕ್ಕೆ ನಾವುಂದ, ಒಂಬತ್ತಕ್ಕೆ ಬೈಂದೂರು. "ಹ್ವಾಯ್, ಬಂಗ್ಡಿ ಬಂತ್ ಕಾಣಿ!" ಎಂದು ಅವಳು ರಸ್ತೆಯಲ್ಲಿ ನಿಂತು ಒಂದು ಸಲ ಕೂಗಿದರೆ ಗದ್ದೆಯಾಚೆಯ ಮನೆಯವರೂ ತಟ್ಟೆ ಹಿಡಿದು ಹೊರಡುತ್ತಿದ್ದರು. ಗಂಡ ಉಬ್ಬಸದವನು, ಬಡಪಾಯಿ. ಹದಿನೆಂಟು ವರ್ಷ ಈ ಕೂಗು ಕೇಳಿಕೊಂಡೇ ಬಾಳಿ, ಒಂದು ಮಳೆಗಾಲದಲ್ಲಿ ತೀರಿಕೊಂಡ. ಒಬ್ಬಳೇ ಮಗಳು ನವ್ಯಾ ಮುಂಬೈಯ ಕ್ಯಾಂಟೀನಿನಲ್ಲಿ ಕೆಲಸಕ್ಕಿದ್ದ ಸಚಿನ್ ಎಂಬವನನ್ನು ಮದುವೆಯಾಗಿ ಹೋದಳು. ಮೂರು ವರ್ಷಕ್ಕೆ ಕಾಮಾಲೆ ಹಿಡಿದು ತಾಯಿಮನೆಗೆ ಬಂದವಳು ಮತ್ತೆ ಏಳಲಿಲ್ಲ. ಸಚಿನ್ ಇನ್ನೊಂದು ಮದುವೆಯಾದ. ನವ್ಯಾಳ ಎರಡು ವರ್ಷದ ಕೂಸು ಮೋಕ್ಷಿತಾ ಅಜ್ಜಿಯ ಸೊಂಟದಲ್ಲೇ ಉಳಿಯಿತು.

ಕೂಸನ್ನು ಸರೋಜಕ್ಕ ಬೈಗುಳದಲ್ಲೇ ಸಾಕಿದಳು. ತಮಾಷೆಯಲ್ಲ. "ಏಳ್ ಹೆಣೆ, ಹೊತ್ತ್ ನೆತ್ತಿಗ್ ಬಂತ್, ಇನ್ನೂ ಬಿದ್ಕಂಡಿತ್ ಕಾಣ್" ಎಂದು ಎಬ್ಬಿಸುವುದು. "ತಿನ್ನ್, ಇಲ್ದಿದ್ರೆ ನಿನ್ ಮಂಡಿ ಒಡಿತೆ" ಎಂದು ತಲೆ ಒಡೆಯುವ ಬೆದರಿಕೆ ಹಾಕಿ ಉಣಿಸುವುದು. ಜಡೆ ಹಾಕುವಾಗ ನಾಲ್ಕು, ಶಾಲೆಗೆ ಕಳಿಸುವಾಗ ಎಂಟು. ಕುಂದಾಪುರದ ಕಡೆಯಲ್ಲಿ ಹೆಣ್ಣಿಗೆ 'ಹೆಣೆ' ಎನ್ನುವುದು 'ಮಗಾ' ಎಂದಷ್ಟೇ ಮುದ್ದಿನ ಕರೆ. ತಾಯಿ ಮಗಳಿಗೆ ಅನ್ನುತ್ತಾಳೆ, ಗೆಳತಿ ಗೆಳತಿಗೆ ಅನ್ನುತ್ತಾಳೆ. ಮೋಕ್ಷಿತಾ ಈ ಬೈಗುಳಗಳನ್ನೆಲ್ಲ ತಲೆಗೆ ಎಣ್ಣೆ ಹಚ್ಚಿಸಿಕೊಂಡಂತೆ ಹಾಯಾಗಿ ಹಚ್ಚಿಸಿಕೊಳ್ಳುತ್ತಿದ್ದಳು.

ಸರೋಜಕ್ಕನಿಗೆ ನಿಜವಾದ ಸಿಟ್ಟು ಬಂದರೆ ಬೇರೆಯೇ ಲಕ್ಷಣ. ದನಿ ಇಳಿಯುತ್ತದೆ. ಮಾತು ಮೆತ್ತಗಾಗಿ, ಶುದ್ಧವಾಗಿ, ಪುಸ್ತಕದಲ್ಲಿದ್ದಂತೆ ಬರುತ್ತದೆ. ಮಗಳ ಹೆಣ ಎತ್ತುವ ಹೊತ್ತಿಗೆ ಮುಂಬೈಯಿಂದ ಬಾರದೆ, ಹನ್ನೊಂದನೆಯ ದಿನ ಬಂದ ಅಳಿಯನಿಗೆ ಅವಳು "ಬನ್ನಿ, ಕುಳಿತುಕೊಳ್ಳಿ, ಕಾಫಿ ಕುಡಿಯಿರಿ" ಎಂದಿದ್ದಳು. ಆ ಮೂರು ಮಾತು ಕೇಳಿ ಕೇರಿಗೆ ಕೇರಿಯೇ ಮುಖ ತಗ್ಗಿಸಿತ್ತು. ಸಚಿನ್ ಸಂಜೆಯ ಬಸ್ಸಿಗೇ ಹೊರಟುಹೋದ.

ಹೀಗಿರುವಾಗ ಕಳೆದ ಡಿಸೆಂಬರಿನಲ್ಲಿ ಒಂದು ಶನಿವಾರ, ಶಾಲೆ ಬಿಟ್ಟು ಬಂದಿದ್ದ ಮೋಕ್ಷಿತಾ ಕಡಲಕೊರೆತಕ್ಕೆ ಹಾಕಿದ ದೊಡ್ಡ ಕಲ್ಲುಗಳ ಮೇಲೆ ಹತ್ತಿ ಕುಣಿಯುತ್ತಿದ್ದಳು. ಏಳು ವರ್ಷದ ಮಗು, ಕೆಳಗೆ ಅಲೆ. ಬೈಂದೂರಿನಿಂದ ಬಂದು ಬಸ್ಸಿಳಿದ ಸರೋಜಕ್ಕ ಹೈವೇಯ ಆಚೆಯಿಂದಲೇ ಇದನ್ನು ಕಂಡಳು. ಅವಳ ಎದೆ ಹಾರಿತು, ಗಂಟಲು ಅದಕ್ಕಿಂತ ಮೇಲೆ ಹಾರಿತು.

"ಏ ಹೆಣೆ! ಅಲ್ಲೇ ಸಾಯ್ತ್ಯಾ? ಬಾ ಇಲ್ಲ್, ಕಾಲ್ ಮುರಿತೆ ನಿನ್ನ! ಎತ್ತಿ ಕಡ್ಲಿಗೇ ಬಿಸಾಕ್ತೆ ಕಾಣ್!"

ಮಗು ನಗುತ್ತ ಓಡಿ ಬರುವಾಗ ಕಲ್ಲಿನ ಮೇಲೆ ಜಾರಿ ಮೊಣಕಾಲು, ಮೊಣಕೈ ತರಚಿಕೊಂಡಿತು. ಸರೋಜಕ್ಕ ರಟ್ಟೆ ಹಿಡಿದು ಎಳೆದುಕೊಂಡೇ ಮನೆಗೆ ಹೋದಳು. ಅಲ್ಲೇ ಕಾರು ನಿಲ್ಲಿಸಿ ಕಡಲಿನ ಫೋಟೊ ತೆಗೆಯುತ್ತಿದ್ದ ದೂರದೂರಿನ ಗಂಡ ಹೆಂಡತಿ ನೋಡಿದ್ದು ಇಷ್ಟು: ರಕ್ತ ಸೋರುವ ಮಗು, ಅದನ್ನು ಎಳೆದುಕೊಂಡು ಹೋಗುವ ಮೀನಿನ ಹೆಂಗಸು, ಮತ್ತು 'ಹೆಣ' ಎಂಬ ಕರೆ. ಅವರು ಮಕ್ಕಳ ಸಹಾಯವಾಣಿಗೆ ಫೋನು ಮಾಡಿದರು. ಅವರನ್ನು ದೂರಿ ಫಲವಿಲ್ಲ. ಮಗುವಿನ ರಕ್ತ ಕಂಡು ಸುಮ್ಮನೆ ಕಾರು ಹತ್ತಿ ಹೋಗದವರು ಎಷ್ಟು ಜನ ಇದ್ದಾರೆ?

ಸಹಾಯವಾಣಿಯಿಂದ ಬಂದು ನೋಡಿದವರಿಗೆ ಬರೆದುಕೊಳ್ಳಲು ಬೇಕಾದಷ್ಟು ಸಿಕ್ಕಿತು. ಕಡಲಿನ ಬದಿಯ ಗೋಡೆ ಬಿರುಕು ಬಿಟ್ಟಿದೆ. ಅಜ್ಜಿ ಬೆಳಗ್ಗೆ ಐದಕ್ಕೆ ಹೋದರೆ ಮಗು ಒಂದೇ ಎದ್ದು ಶಾಲೆಗೆ ಹೋಗುತ್ತದೆ. ಮೈಮೇಲೆ ಗಾಯ. ವಿಚಾರಣೆ ಮುಗಿಯುವವರೆಗೆ ಎಂದು ಮೋಕ್ಷಿತಾಳನ್ನು ಬ್ರಹ್ಮಾವರದ ಹತ್ತಿರದ ಒಂದು ಮಕ್ಕಳ ಆಶ್ರಮಕ್ಕೆ ಕರೆದುಕೊಂಡು ಹೋದರು. ವ್ಯಾನು ಹೊರಟಾಗ ಸರೋಜಕ್ಕನ ಬಾಯಿಂದ ಒಂದು ಶಬ್ದವೂ ಹೊರಡಲಿಲ್ಲ. ಹುಟ್ಟಿದ ಮೇಲೆ ಮೊದಲ ಸಲ ಇರಬೇಕು.

ಮಗುವಿನ ಕೇಸು ನೋಡಿಕೊಳ್ಳಲು ಬಂದವಳು ವಿನಯಾ, ಒಂದು ಸಂಸ್ಥೆಯ ಸಮಾಜ ಕಾರ್ಯಕರ್ತೆ. ಕೋಟದ ಗದ್ದೆಯವರ ಮನೆಯ ಹುಡುಗಿ, ಮಂಗಳೂರಿನಲ್ಲಿ ಅದಕ್ಕೆಂದೇ ಓದಿದವಳು. ಹೆಸರಿಗೆ ತಕ್ಕ ಹಾಗೆ ಮೆತ್ತಗಿನ ಮಾತು. ಕೆಟ್ಟವಳಲ್ಲ, ಕೆಲಸಗಳ್ಳಿಯೂ ಅಲ್ಲ. ಮನಸ್ಸಿನೊಳಗಿನ ಪೂರ್ವಗ್ರಹ ಗುರುತಿಸುವುದು ಹೇಗೆ ಎಂಬ ಒಂದು ದಿನದ ತರಬೇತಿಯನ್ನೂ ಊಟ ಸಮೇತ ಮುಗಿಸಿ ಪ್ರಮಾಣಪತ್ರ ಪಡೆದಿದ್ದಳು. ಅವಳು ಬರೆದ ಮೊದಲ ವರದಿಯ ಪ್ರತಿಯನ್ನು ಸರೋಜಕ್ಕನ ಅಣ್ಣ ದೇವು ಕನ್ನಡಕ ಏರಿಸಿ ಓದಿ ಹೇಳಿದ. "ಅಜ್ಜಿ ಏರುದನಿಯವರು. ಮಗುವನ್ನು ಅವಾಚ್ಯವಾಗಿ, 'ಹೆಣ' ಎಂದು ಸಂಬೋಧಿಸುತ್ತಾರೆಂದು ದೂರು. ಪರಿಸರದ ಪ್ರಭಾವದಿಂದ ಬೈಗುಳ ಸಹಜವೆಂದು ಭಾವಿಸಿದಂತಿದೆ. ಮನೆಯಲ್ಲಿ ಭಯದ ವಾತಾವರಣ."

"ಪರಿಸರ ಅಂದ್ರೆ ಎಂತ ಅಣ್ಣ?" ಎಂದಳು ಸರೋಜಕ್ಕ.

"ನಾವ್" ಎಂದ ದೇವು.

ದೇವು ಇಪ್ಪತ್ತು ವರ್ಷ ಮುಂಬೈಯ ಆಫೀಸುಗಳಲ್ಲಿ ಚಹಾ ಕೊಟ್ಟು ಬಂದವನು. ಆಫೀಸಿನವರ ಹತ್ತಿರ ಹೇಗೆ ಮಾತಾಡಬೇಕೆಂದು ತನಗೆ ಗೊತ್ತು ಎಂದು ಅವನ ನಂಬಿಕೆ. ತಂಗಿಯನ್ನು ಎದುರು ಕೂರಿಸಿಕೊಂಡು ಪಾಠ ಶುರುಮಾಡಿದ.

"ಇನ್ ಮೇಲ್ ಹೊಟ್ಟಿಯಿಂದ ಮಾತ್ ತೆಗಿಬೇಡ. ತುಟಿಯಿಂದ ತೆಗಿ."

"ತುಟಿಯಿಂದ ತೆಗುಕೆ ಅದೆಂತ ಬೀಡಿ ಹೊಗಿಯಾ?"

"ಕಾಣ್, ಇದೇ ಆತಿಲ್ಲೆ ಅಂದೇಳಿ ಹೇಳುದ್. ಮಗು ಬೇಕಾ, ಬ್ಯಾಡ್ದಾ ನಿಂಗೆ?"

ಬೇಕು. ಎಷ್ಟು ಬೇಕು ಎಂದರೆ, ಸರೋಜಕ್ಕ ಆ ಮಾತಿಗೆ ಎದುರಾಡದೆ ಕಲಿಯತೊಡಗಿದಳು. 'ಹೆಣೆ' ಬಿಟ್ಟಳು. 'ಸಾಯ್', 'ಹಾಳಾಯ್ ಹೋಗ್' ಎಲ್ಲ ಬಿಟ್ಟಳು. 'ಬಾ' ಎನ್ನುವಲ್ಲಿ 'ಬಾಮ್ಮ' ಎನ್ನಲು ಕಲಿತಳು. ಮನೆಯಲ್ಲಿ ಕೇಳುವವರು ಯಾರೂ ಇಲ್ಲದ್ದರಿಂದ ಬೆಕ್ಕಿನ ಮುಂದೆ ಅಭ್ಯಾಸ ಮಾಡಿದಳು. ಬೆಕ್ಕು ಅವಳ ಮುಖವನ್ನೇ ನೋಡಿ ಎದ್ದು ಹೋಯಿತು. ನಾವುಂದದಲ್ಲಿ ಮೀನು ಬಂತೆಂದು ಮೆತ್ತಗೆ ಹೇಳಿದಳು, ಒಂದು ಬಾಗಿಲೂ ತೆರೆಯಲಿಲ್ಲ. ಬೈಂದೂರಿನಲ್ಲಿ ಹಳೆಯ ಗಿರಾಕಿಯೊಬ್ಬಳು ಹತ್ತಿರ ಬಂದು, "ಎಂತ ಸರೋಜಕ್ಕ, ಹುಷಾರಿಲ್ಯಾ? ಯಾರಾರೂ ಹೋದ್ರಾ?" ಎಂದು ಕೇಳಿದಳು. ಅರ್ಧ ಬುಟ್ಟಿ ಹಾಗೇ ಉಳಿಯತೊಡಗಿತು.

ಉಳಿದದ್ದು ಮೀನು ಮಾತ್ರ ಅಲ್ಲ. ಬೆಳಗ್ಗೆ ಎದ್ದ ಕೂಡಲೇ ಬಾಯಿಗೆ ಬರುವ ಮೊದಲ ಬೈಗುಳ ಅಲ್ಲೇ ಉಳಿಯುತ್ತಿತ್ತು. ಭೂತಾಯಿ ಮೀನು ಹುರಿದರೆ ಗರಿಗರಿ ಬಾಲದ ತುಂಡುಗಳು ಮಗುವಿಗೆಂದು ತಟ್ಟೆಯ ಅಂಚಿನಲ್ಲಿ ಉಳಿಯುತ್ತಿದ್ದವು. ಉದ್ದ ಜಡೆ ಹಾಕುತ್ತಿದ್ದ ಬೆರಳುಗಳು ಸಂಜೆಯ ಹೊತ್ತು ಮಾಡಲು ಏನೂ ಇಲ್ಲದೆ ಸೆರಗಿನ ನೂಲನ್ನು ಎಳೆದೆಳೆದು ಹಾಳುಮಾಡುತ್ತಿದ್ದವು. ಮಗು ಇಲ್ಲದ ಮನೆ ಹೇಗಿರುತ್ತದೆ ಎಂದು ಅವಳಿಗೆ ಗೊತ್ತಿತ್ತು, ನವ್ಯಾ ಹೋದಾಗಲೇ ಕಂಡಿದ್ದಳು. ಆದರೆ ಸತ್ತವರಿಗೆ ಹಂಬಲಿಸುವುದು ಬೇರೆ. ಮೂವತ್ತು ಮೈಲು ಆಚೆ, ಹಲ್ಲು ಉದುರುವ ವಯಸ್ಸಿನಲ್ಲಿ, ಯಾರದೋ ಕೈಯ ಅನ್ನ ತಿಂದುಕೊಂಡು ಬದುಕಿರುವ ಮಗುವಿಗೆ ಹಂಬಲಿಸುವುದು ಬೇರೆ. ಸತ್ತವರಿಗಾದರೆ ಅತ್ತು ಮುಗಿಸಬಹುದು.

ತಡೆಯಲಾರದೆ ಒಂದು ಮಂಗಳವಾರ ಅವಳು ಬೈಂದೂರಿನ ಬಸ್ಸು ಹತ್ತುವ ಬದಲು ಎದುರು ದಿಕ್ಕಿನ ಬಸ್ಸು ಹತ್ತಿದಳು. ಕೋಟ ದಾಟಿ ಬ್ರಹ್ಮಾವರದಲ್ಲಿ ಇಳಿದು, ಕೇಳಿ ಕೇಳಿ ಆಶ್ರಮದ ಕಾಂಪೌಂಡಿನ ಎದುರಿನ ಬಸ್ ಸ್ಟಾಪಿನಲ್ಲಿ ಕೂತಳು. ಭೇಟಿಯ ದಿನ ಅಲ್ಲ, ಒಳಗೆ ಬಿಡುವುದಿಲ್ಲ. ಸಂಜೆ ಮಕ್ಕಳು ಶಾಲೆಯಿಂದ ಬಂದು ಪ್ರಾರ್ಥನೆ ಹೇಳತೊಡಗಿದರು. ಇಪ್ಪತ್ತು ಮೂವತ್ತು ದನಿಗಳು ಒಟ್ಟಿಗೆ ಗೋಡೆಯ ಮೇಲಿಂದ ಹಾಯ್ದು ಬಂದವು. ಸರೋಜಕ್ಕ ಕಣ್ಣು ಮುಚ್ಚಿ ಅದರಲ್ಲಿ ಒಂದೇ ಒಂದು ದನಿಯನ್ನು ಹುಡುಕಿದಳು. ಸಿಕ್ಕಿತು ಅನ್ನಿಸುತ್ತಿತ್ತು, ಜಾರುತ್ತಿತ್ತು.

ಒಂದು ಕೂಗು ಸಾಕಿತ್ತು. 'ಹೆಣೆ' ಎಂದು ಒಂದೇ ಸಲ ಕೂಗಿದ್ದರೆ, ಹೈವೇಯ ಆಚೆಗೆ ಕೇಳಿಸುವ ಆ ಗಂಟಲಿಗೆ ಒಂದು ಗೋಡೆ ಯಾವ ಲೆಕ್ಕ? ಮಗು ಕೇಳುತ್ತಿತ್ತು, ಗೇಟಿಗೆ ಓಡಿ ಬರುತ್ತಿತ್ತು. ಆದರೆ ಕೂಗಿದರೆ ಅದನ್ನೂ ಬರೆದುಕೊಳ್ಳುತ್ತಾರೆ. ಸರೋಜಕ್ಕ ಸೆರಗನ್ನು ಬಾಯಿಗೆ ಒತ್ತಿ ಹಿಡಿದು ಕೂತಿದ್ದು, ಪ್ರಾರ್ಥನೆ ಮುಗಿದ ಮೇಲೆ ಬಸ್ಸು ಹತ್ತಿದಳು. ಅದಾದ ಮೇಲೆ ಎಷ್ಟೋ ಮಂಗಳವಾರ ಹಾಗೇ ಹೋಗಿ ಹಾಗೇ ಬಂದಳು.

ಭೇಟಿಗೆ ಬಿಟ್ಟದ್ದು ಜನವರಿಯ ಮೊದಲ ಭಾನುವಾರ. ಸರೋಜಕ್ಕ ಎರಡು ಸಲ ಸೋಪು ಹಚ್ಚಿ ಮಿಂದು, ಮದುವೆಮನೆಗೆ ಉಡುವ ಸೀರೆ ಉಟ್ಟು, ದಾರಿಯುದ್ದಕ್ಕೂ ದೇವು ಹೇಳಿಕೊಟ್ಟದ್ದನ್ನು ಬಾಯಿಪಾಠ ಮಾಡುತ್ತ ಬಂದಳು. ಆಶ್ರಮದ ಜಗುಲಿಯಲ್ಲಿ ಕುರ್ಚಿ ಹಾಕಿದ್ದರು. ವಿನಯಾ ತೊಡೆಯ ಮೇಲೆ ಕಾಗದ ಇಟ್ಟುಕೊಂಡು ಪಕ್ಕದಲ್ಲಿ ಕೂತಿದ್ದಳು. ಒಳಗಿನಿಂದ ಮೋಕ್ಷಿತಾ ಬಂದಳು. ಅಜ್ಜಿಯನ್ನು ಕಂಡದ್ದೇ ಓಡತೊಡಗಿದಳು.

"ಮೋಕ್ಷಿತಾ, ಹೇಗಿದ್ದೀಯಮ್ಮ? ಊಟ ಮಾಡಿದೆಯಾ?" ಎಂದಳು ಸರೋಜಕ್ಕ, ತುಟಿಯಿಂದ.

ಮಗು ಅರ್ಧ ದಾರಿಯಲ್ಲಿ ನಿಂತುಬಿಟ್ಟಿತು.

ಇನ್ನೂ ಗಟ್ಟಿಯಾಯಿತೇನೋ ಎಂದು ಸರೋಜಕ್ಕ ದನಿಯನ್ನು ಮತ್ತಷ್ಟು ಇಳಿಸಿದಳು. "ಬಾಮ್ಮ. ಹತ್ತಿರ ಬಾ. ನಾನು ಏನೂ ಮಾಡುವುದಿಲ್ಲ."

ಮೋಕ್ಷಿತಾಳ ಮುಖ ಬಿಳುಚಿತು. ಒಂದು ಹೆಜ್ಜೆ ಹಿಂದೆ ಹೋದಳು, ಇನ್ನೊಂದು ಹೆಜ್ಜೆ ಹೋದಳು, ವಿನಯಾಳ ಕುರ್ಚಿಯ ಹಿಂದೆ ನಿಂತು ಅವಳ ದುಪಟ್ಟಾದ ಅಂಚು ಹಿಡಿದುಕೊಂಡಳು. ಅರ್ಧ ಗಂಟೆ ಹಾಗೇ ಕಳೆಯಿತು. ಸರೋಜಕ್ಕ ಮೆತ್ತಗೆ ಕೇಳಿದ್ದಕ್ಕೆಲ್ಲ ಮಗು ಹೂಂ, ಊಹೂಂ ಎಂದಿತೇ ಹೊರತು ಹತ್ತಿರ ಬರಲಿಲ್ಲ. ವಿನಯಾ ಬಗ್ಗಿ ಏನೋ ಬರೆದುಕೊಂಡಳು. ಅದನ್ನು ಓದಿ ಹೇಳಲು ದೇವು ಬೇಕಾಗಿರಲಿಲ್ಲ.

ಬಸ್ಸಿನಲ್ಲಿ ಸರೋಜಕ್ಕ ಕಿಟಕಿಯ ಹೊರಗೆ ನೋಡುತ್ತ ಕೂತಳು. ಮಗು ಮರೆತಿತು ಎಂದುಕೊಂಡಳು. ಒಳ್ಳೆಯ ಊಟ, ಒಳ್ಳೆಯ ಬಟ್ಟೆ, ಒಳ್ಳೆಯ ಮಾತಿನ ಜನ. ಮೀನಿನ ಬುಟ್ಟಿಯವಳು ಇನ್ನೆಷ್ಟು ದಿನ ನೆನಪಿರುತ್ತಾಳೆ? ಅಷ್ಟು ಚಿಕ್ಕ ಮಗುವಿನ ಮೇಲೆ ಮುನಿಸು ಮಾಡಬಾರದೆಂದು ಗೊತ್ತಿದ್ದೂ ಅವಳು ಮುನಿಸಿಕೊಂಡಳು. ಮುನಿಸಿಗಿಂತ ಹೆಚ್ಚಾಗಿ ದುಃಖವಾಯಿತು. ಕುಂದಾಪುರ ದಾಟುವವರೆಗೂ ಕಣ್ಣೊರೆಸಿಕೊಳ್ಳುತ್ತಲೇ ಇದ್ದಳು.

ಆ ತಿಂಗಳ ಮೂರನೆಯ ವಾರ ವಿನಯಾ ಮನೆ ನೋಡಲು ಮರವಂತೆಗೆ ಬಂದಳು. ಇದು ಕೊನೆಯ ವರದಿ. ಇದರ ಮೇಲೆ ಮಕ್ಕಳ ಕಲ್ಯಾಣ ಸಮಿತಿಯವರು ತೀರ್ಮಾನಿಸುವುದು, ಮಗು ಮನೆಗೋ, ಹದಿನೆಂಟು ತುಂಬುವವರೆಗೆ ಆಶ್ರಮಕ್ಕೋ ಎಂದು. ಸರೋಜಕ್ಕ ಮುಂಜಾನೆಯೇ ಮನೆಯಿಡೀ ಸಾರಿಸಿದ್ದಳು. ಹಿಂದಿನ ದಿನದಿಂದ ಒಲೆಯ ಮೇಲೆ ಮೀನು ಇಟ್ಟಿರಲಿಲ್ಲ. ಕೋಟದ ಹೆಣ್ಣು, ಇಷ್ಟು ನಯವಾಗಿ ಮಾತಾಡುವವಳು ಖಂಡಿತ ಮೀನು ಮುಟ್ಟುವವಳಲ್ಲ, ವಾಸನೆ ಬಂದರೆ ಅದಕ್ಕೂ ಒಂದು ಸಾಲು ಬರೆದಾಳು ಎಂದು ತಾನೇ ನಿಶ್ಚಯಿಸಿದ್ದಳು. ಅಂದಾಜು ಹಾಕುವುದರಲ್ಲಿ ಸರೋಜಕ್ಕನೂ ಯಾರಿಗೂ ಕಡಿಮೆಯವಳಲ್ಲ.

ಸಿಮೆಂಟು ಮೆತ್ತಿದ ಗೋಡೆಯನ್ನು ವಿನಯಾ ನೋಡಿದಳು. ಇನ್ನು ಮೇಲೆ ಬೆಳಗಿನ ಹೊತ್ತು ಮಗು ದೇವುವಿನ ಮನೆಯಲ್ಲಿ ಇರುತ್ತದೆ ಎಂಬುದನ್ನು ಬರೆದುಕೊಂಡಳು. ಆಮೇಲೆ ಜಗುಲಿಯಲ್ಲಿ ಕೂತು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದಳು.

"ಅಮ್ಮ, ಬೇರೆ ಎಲ್ಲ ಸರಿ ಇದೆ. ಆದರೆ ಮಗು ನಿಮ್ಮನ್ನು ಕಂಡರೆ ಹೆದರುತ್ತದೆ. ನಾನೇ ಕಣ್ಣಾರೆ ನೋಡಿದ್ದೇನೆ. ಅದನ್ನು ಬರೆಯದೆ ಇರಲು ಆಗುವುದಿಲ್ಲ."

"ಸರಿ ಮೇಡಂ" ಎಂದಳು ಸರೋಜಕ್ಕ ಮೆತ್ತಗೆ. ಇನ್ನೇನು ಹೇಳಲೂ ಅವಳಿಗೆ ತುಟಿಯ ಭಾಷೆಯಲ್ಲಿ ಮಾತಿರಲಿಲ್ಲ.

ಅಷ್ಟರಲ್ಲಿ ವಿನಯಾಳ ಫೋನು ಹೊಡೆದುಕೊಂಡಿತು. ಕಿವಿಗೆ ಹಿಡಿದರೆ ಕಡಲಿನ ಸದ್ದಿಗೆ ಒಂದೂ ಕೇಳಿಸದು. "ಅಬ್ಬಿ, ಎಂತ? ಕೇಂತಿಲ್ಲೆ!" ಎಂದು ಕೂಗಿ, ಸ್ಪೀಕರ್ ಒತ್ತಿದಳು. ಫೋನಿನಿಂದ ಅವಳ ತಾಯಿಯ ದನಿ ಜಗುಲಿಗೆ ಹಾರಿ ಬಿತ್ತು. ಅದೂ ಹೊಟ್ಟೆಯಿಂದಲೇ ಹೊರಟ ದನಿ.

"ಎಲ್ಲ್ ಸತ್ತ್ ಹೋಯಿದ್ಯೆ ಹೆಣೆ? ಗಂಟಿ ಎರಡಾಯ್ತ್! ಬಂಗ್ಡಿ ಸಾರ್ ತಣ್ದ್ ಹೋತಿತ್, ಉಂಬುಕೆ ಬತ್ತಿಲ್ಯಾ? ಬಾ ನೀನ್ ಮನಿಗೆ, ನಿನ್ ಮಂಡಿ ಒಡಿದಿದ್ರೆ ಕಾಣ್!"

ವಿನಯಾ ಫೋನನ್ನು ಅವಸರದಲ್ಲಿ ಆರಿಸಿದಳು. ಮುಖ ಕೆಂಪಾಗಿತ್ತು. ಸರೋಜಕ್ಕ ಅವಳನ್ನೇ ನೋಡಿದಳು. ಮೊದಲು ಬಂಗುಡೆ ಸಾರಿಗೆ ನಗು ಬಂತು. ಆಮೇಲೆ 'ಮಂಡಿ ಒಡಿತೆ'ಗೆ ಬಂತು. ಆಮೇಲೆ ಒಂದು ತಿಂಗಳು ಅದುಮಿ ಹಿಡಿದಿದ್ದ ಆ ಗಂಟಲು ಕಟ್ಟೆಯೊಡೆದು, ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಚೆಮನೆಯವರು ಇಣುಕಿ ನೋಡಿದರು. ನಗುತ್ತ ನಗುತ್ತಲೇ ಅಳು ಬಂತು.

"ಹ್ವಾಯ್ ಮೇಡಂ, ಒಂದ್ ಕೇಂತೆ" ಎಂದಳು, ಹೈವೇಯವರೆಗೆ ಕೇಳುವಂತೆ. "ನಿಮ್ ಅಬ್ಬಿ ಹೇಳಿರೆ ಮುದ್ದ್, ನಾನ್ ಹೇಳಿರೆ ಹೊಡ್ತಾ? ನಿಮ್ ಅಬ್ಬಿ ಬಾಯಂಗೆ ಹೆಣೆ, ನನ್ ಬಾಯಂಗೆ ಹೆಣವಾ? ಅವ್ರ್ ದೂರದವ್ರ್, ಅವ್ರಿಗೆ ತಿಳಿಲಿಲ್ಲೆ. ನಿಮ್ಗ್ ತಿಳಿಲಿಲ್ಯಾ?"

ವಿನಯಾ ತನ್ನ ಮೊದಲ ವರದಿಯ ಹಾಳೆ ತಿರುವಿ ತೆಗೆದಳು.

"ಹೆಣೆ ಅಂದರೆ ಏನು ಅಂತ ನನಗೆ ಗೊತ್ತಿತ್ತು" ಎಂದಳು. "ದೂರಿನಲ್ಲಿ ಹೆಣ ಅಂತ ಬರೆದಿದ್ದರು. ನಾನು ಅದನ್ನು ಹಾಗೇ ಇಳಿಸಿಕೊಂಡೆ. ತಿದ್ದಲಿಲ್ಲ."

"ಎಂತಕೆ?"

"ಗೊತ್ತಿಲ್ಲ." ಆಮೇಲೆ ಅವಳು ಪೆನ್ನು ಕೆಳಗಿಟ್ಟು, ಮನೆಯಲ್ಲಿ ಆಡುವ ಮಾತಿನಲ್ಲಿ ಹೇಳಿದಳು. "ಗೊತ್ತಿತ್ತ್ ಸರೋಜಕ್ಕ. ಮೀನ್ ಮಾರುವವ್ರ್ ಬೈದ್ರೆ ಅದ್ ಬೈಗುಳವೇ ಅಂದೇಳಿ ಮನ್ಸಂಗೆ ಎಲ್ಲೋ ಕೂತಿದ್ದಿತ್. ನಾನ್ ಅದನ್ ಕಾಂಬುಕೇ ಹೋಯ್ಲಿಲ್ಲೆ."

ಸರೋಜಕ್ಕನಿಗೆ ಅವಳ ಮೇಲೆ ಸಿಟ್ಟು ಬರಬೇಕಾಗಿತ್ತು. ಬರಲಿಲ್ಲ. ಅಪರೂಪಕ್ಕೆ ಒಬ್ಬರು ನಿಜ ಹೇಳಿದರೆ ಸಿಟ್ಟು ನಿಲ್ಲಲು ಜಾಗ ಸಿಗುವುದಿಲ್ಲ.

"ಭಾನ್ವಾರ ನಾನ್ ಮಾತಾಡಿದ್ ನನ್ ಮಾತೇ ಅಲ್ಲ" ಎಂದಳು. "ನಿಮ್ ಹೆದ್ರಿಕಿಗೆ ನಿಮ್ಮಂಗೆ ಮಾತಾಡ್ದೆ. ಮಗಿಗೆ ನನ್ ಗುರ್ತೇ ಸಿಕ್ಕಿಲ್ಲೆ. ಅದನ್ನೂ ಬರ್ಕಣಿ."

ವಿನಯಾ ಬರೆದುಕೊಂಡಳು. ಹೊರಡುವ ಮೊದಲು, ಮೀನು ಇಲ್ಲದ ಮನೆಯಲ್ಲಿ ಒಂದು ಲೋಟ ಚಹಾ ಕುಡಿದು, ಮುಂದಿನ ಸಲ ಬಂದರೆ ಬಂಗುಡೆ ಮಾಡಬೇಕು ಎಂದಳು.

ಫೆಬ್ರವರಿಯ ಮೊದಲ ವಾರ ಆದೇಶ ಬಂತು. ಮಗುವನ್ನು ಅಜ್ಜಿಯ ಸುಪರ್ದಿಗೆ ಕೊಡುವುದು, ತಿಂಗಳಿಗೊಮ್ಮೆ ಕಾರ್ಯಕರ್ತೆ ಬಂದು ನೋಡುವುದು. ದೇವು ಅದನ್ನು ಮೂರು ಸಲ ಓದಿದ. ಮಾರನೆಯ ದಿನ ಬಂದರಿಗೆ ಹೋಗದೆ ಸರೋಜಕ್ಕ ಮೊದಲ ಬಸ್ಸಿಗೆ ಬ್ರಹ್ಮಾವರಕ್ಕೆ ಹೋದಳು. ಐವತ್ತಮೂರು ದಿನ ಆಗಿತ್ತು.

ಮೋಕ್ಷಿತಾ ಚೀಲ ಹಿಡಿದು ಜಗುಲಿಯಲ್ಲಿ ನಿಂತಿದ್ದಳು. ಎಣ್ಣೆ ಹಚ್ಚಿ ಬಾಚಿದ ತಲೆ, ಇಸ್ತ್ರಿ ಹಾಕಿದ ಫ್ರಾಕು. ಓಡಿ ಬರಲಿಲ್ಲ. ಕೈಜೋಡಿಸಿ, "ನಮಸ್ತೆ ಅಮ್ಮಮ್ಮ" ಎಂದಳು. ಅಲ್ಲಿ ಕಲಿಸಿದ್ದರು. ಅಷ್ಟು ಮೆತ್ತಗಿನ ದನಿ ಕೇಳಿ ಸರೋಜಕ್ಕ ಮುಂದೆ ಹೆಜ್ಜೆ ಇಡಲಿಲ್ಲ. ಮೆಟ್ಟಿಲ ಮೇಲೇ ಕೂತುಬಿಟ್ಟಳು.

ಮಗು ಎರಡು ಹೆಜ್ಜೆ ಮುಂದೆ ಬಂದು, ಅಜ್ಜಿಯ ಮುಖವನ್ನು ಹುಷಾರಾಗಿ ನೋಡಿ ಕೇಳಿತು.

"ಅಮ್ಮಮ್ಮ, ನಿಂಗ್ ನನ್ ಮೇಲ್ ಸಿಟ್ಟ್ ಹೋಯ್ತಾ?"

"ಸಿಟ್ಟಾ? ಯಾವ್ ಸಿಟ್ಟ್?"

"ನಾನ್ ಕಲ್ಲ್ ಹತ್ತಿದೆ ಅಲ್ದಾ. ಅದ್ಕೆ ನೀ ನನ್ನ ಇಲ್ಲಿಗ್ ಕಳ್ಸಿದೆ. ಅವತ್ತೂ ಬಂದ್ ಮೆತ್ಗೆ ಮಾತಾಡ್ದೆ."

ಸರೋಜಕ್ಕನಿಗೆ ಆಗ ತಿಳಿಯಿತು. ಮಗು ಅವಳನ್ನು ಮರೆತಿರಲಿಲ್ಲ. ಅವಳನ್ನು ಚೆನ್ನಾಗಿ ನೆನಪಿಟ್ಟುಕೊಂಡೇ ಹೆದರಿತ್ತು. ಕಲಿತ ಒಂದೊಂದು ಒಳ್ಳೆಯ ಮಾತೂ ಅದರ ಕಿವಿಗೆ 'ನೀನು ನನಗೆ ಬೇಡ' ಎಂದೇ ಕೇಳಿಸಿತ್ತು. ಇಷ್ಟೂ ದಿನ ಈ ಕೂಸು, ಈ ಗೋಡೆಯೊಳಗೆ, ಅಜ್ಜಿಯ ಸಿಟ್ಟು ಇಳಿಯುವುದನ್ನು ಕಾಯುತ್ತ ಮಲಗಿ ಎದ್ದಿತ್ತು. ಎದುರಿನ ಬಸ್ ಸ್ಟಾಪಿನಲ್ಲಿ ತಾನು ಬಾಯಿ ಒತ್ತಿ ಹಿಡಿದು ಕೂತಿದ್ದ ಮಂಗಳವಾರಗಳಲ್ಲೂ.

ಸರೋಜಕ್ಕ ಎದ್ದು ನಿಂತಳು.

"ಏ ಹಾಳ್ ಬಿದ್ದವ್ಳೇ!" ಎಂದಳು. ಮೊದಲು ದನಿ ಒಡೆಯಿತು, ಆಮೇಲೆ ಹತ್ತಿತು. "ನಾನ್ ಕಳ್ಸುದಾ ನಿನ್ನ? ಯಾರ್ ಹೇಳಿದ್ ನಿಂಗೆ ಹೆಣೆ? ನಿನ್ ಮಂಡಿಯಂಗೆ ಎಂತ ಮಣ್ಣ್ ತುಂಬಿತಾ? ನಂಗೆ ಉಂಡದ್ ಸೇರ್ತಿಲ್ಲೆ, ಬಿದ್ದಲ್ಲಿ ನಿದ್ರಿ ಇಲ್ಲೆ, ಇದ್ ಇಲ್ಲ್ ಜಡಿ ಹಾಕ್ಕಂಡ್ ನಮಸ್ತೆ ಹೇಳ್ತಿತ್ ಕಾಣ್! ಬಾ ಇಲ್ಲ್, ಕಾಲ್ ಮುರಿತೆ! ಎತ್ತಿ ಕಡ್ಲಿಗೇ ಬಿಸಾಕ್ತೆ!"

ಆಶ್ರಮದ ಅಡುಗೆಯವಳು ಸೌಟು ಹಿಡಿದು ಹೊರಗೆ ಬಂದಳು. ಕಿಟಕಿಗಳಲ್ಲಿ ಮಕ್ಕಳ ತಲೆಗಳು ಕಾಣಿಸಿದವು. ಮೇಲ್ವಿಚಾರಕಿ ಗಾಬರಿಯಿಂದ, ಕಾಗದಪತ್ರಕ್ಕೆಂದು ಬಂದಿದ್ದ ವಿನಯಾಳನ್ನು ನೋಡಿದರೆ, ವಿನಯಾ ಏನೂ ಇಲ್ಲ ಎಂದು ಕೈಸನ್ನೆ ಮಾಡಿದಳು. ಮೋಕ್ಷಿತಾ ಚೀಲ ಬಿಸಾಡಿ, ಬಾಯಿತುಂಬ ಅಳುತ್ತ, ಅಷ್ಟೇ ನಗುತ್ತ ಓಡಿ ಬಂದು ಅಜ್ಜಿಯ ಹೊಟ್ಟೆಗೆ ತಲೆ ಹೊಡೆದಳು. ಸರೋಜಕ್ಕ ಬೈಯುವುದನ್ನು ನಿಲ್ಲಿಸಲಿಲ್ಲ. ಬೈಯುತ್ತಲೇ ಮಗುವಿನ ಮೂಗು ಒರೆಸಿದಳು, ಬೈಯುತ್ತಲೇ ಇಸ್ತ್ರಿಯ ಫ್ರಾಕನ್ನು ಮುದ್ದೆ ಮಾಡಿ ಅಪ್ಪಿಕೊಂಡಳು.

ಕಾಗದಕ್ಕೆ ಹೆಬ್ಬೆಟ್ಟು ಒತ್ತಿ, ಚೀಲ ಎತ್ತಿಕೊಂಡು ಇಬ್ಬರೂ ಹೊರಟಾಗ, ಜಗುಲಿಯ ಕಂಬದ ಹತ್ತಿರ ಹನ್ನೊಂದು ಹನ್ನೆರಡು ವರ್ಷದ ಒಬ್ಬ ಹುಡುಗಿ ನಿಂತಿದ್ದಳು. ಸಣ್ಣಗೆ, ಕಪ್ಪಗೆ, ಎರಡು ಕೈಯನ್ನೂ ಹಿಂದೆ ಕಟ್ಟಿಕೊಂಡಿದ್ದಳು.

"ಅಜ್ಜಿ" ಎಂದಳು. "ನಂಗೂ ಒಂದ್ ಸಲ ಬೈತ್ರ್ಯಾ?"

ಸರೋಜಕ್ಕ ನಿಂತಳು. ಮೋಕ್ಷಿತಾಳ ಕೈ ಬಿಡದೆ ಆ ಹುಡುಗಿಯ ಮುಖ ನೋಡಿದಳು. ಮೀನಿಗೆ ಚೌಕಾಸಿ ಮಾಡುವವರಿಗೆ, ದಾರಿಗಡ್ಡ ಬರುವ ಬೈಕಿನವರಿಗೆ ನಾಲಿಗೆಯ ತುದಿಯಲ್ಲೇ ಸಿಗುತ್ತಿದ್ದ ಮಾತು ಈಗ ಸಿಗಲಿಲ್ಲ. ಗುರುತಿಲ್ಲದವರಿಗೆ ಮುದ್ದಿನಿಂದ ಬೈಯಲು ಯಾರಿಗೂ ಬರುವುದಿಲ್ಲ.

"ನಿನ್ ಹೆಸ್ರ್ ಎಂತ?"

"ಸುಗಂಧಿ."

"ಏ ಸುಗಂಧಿ" ಎಂದಳು ಸರೋಜಕ್ಕ, ಹೊಟ್ಟೆಯಿಂದ. "ಎಲ್ಲ್ ಹಾಳಾಯ್ ಹೋಯಿದ್ಯೆ ಹೆಣೆ ಇಷ್ಟ್ ದಿನ? ಕೂಗಿ ಕೂಗಿ ನನ್ ಗಂಟ್ಲ್ ಹರ್ದ್ ಹೋಯ್ತ್."

ಹುಡುಗಿ ಆಚೀಚೆ ನೋಡದೆ, ರೆಪ್ಪೆ ಬಡಿಯದೆ, ಅಷ್ಟನ್ನೂ ಕೇಳಿಸಿಕೊಂಡಳು. ಮುಗಿದ ಮೇಲೂ ಇನ್ನೊಂದು ಇರಬಹುದೇನೋ ಎಂದು ಅಲ್ಲೇ ನಿಂತಿದ್ದಳು.